ದೀಪ ಅಲ್ಲ

ಹಾಸುಬಟ್ಟೆಯ ಎರಡು ಮೂಲೆ ನನ್ನ ಕೈಯಲ್ಲಿತ್ತು, ಇನ್ನೆರಡು ಅಕ್ಕನ ಕೈಯಲ್ಲಿ. ಎದುರು ಬೀದಿಯ ವಸತಿಗೃಹದವರು ಕಳಿಸುವ ಹಾಸುಗಳನ್ನು ನಾನು ಇಸ್ತ್ರಿ ಮಾಡಿಕೊಡುತ್ತೇನೆ. ಅದಕ್ಕೂ ಮೊದಲು ಇಬ್ಬರು ಎದುರುಬದುರು ನಿಂತು ಎಳೆಯಬೇಕು, ಝಾಡಿಸಬೇಕು, ಉದ್ದಕ್ಕೆ ಮಡಿಸಿ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯವೆಲ್ಲ ಮಾಡಿದ ಕೆಲಸ, ಕಣ್ಣು ಮುಚ್ಚಿಕೊಂಡೂ ಮಾಡಬಲ್ಲೆ.

"ಬಿಗಿಯಾಗಿ ಹಿಡ್ಕೋ ಅಕ್ಕ. ನಿನ್ನೆ ಥರ ಮಧ್ಯದಲ್ಲಿ ಕೈ ಕೊಟ್ಟುಬಿಡಬೇಡ."

ಅಕ್ಕ ತನ್ನ ಬಲಗೈ ನೋಡಿಕೊಂಡಳು. ನೋಡಿಕೊಳ್ಳಲು ಮೂಲೆ ಬಿಟ್ಟಳು. ಹಾಸು ಜಾರಿ ನೆಲಕ್ಕೆ ಬಿತ್ತು.

"ಕೈ ಇಲ್ಲೇ ಇದೆ. ನಾನು ಯಾರಿಗೂ ಕೊಟ್ಟಿಲ್ಲ" ಅಂದಳು.

"ಹೌದು, ನಾನು ತಪ್ಪಾಗಿ ಹೇಳಿದೆ. ಬಟ್ಟೆ ಬಿಡಬೇಡ ಅಂತ ಹೇಳ್ಬೇಕಿತ್ತು."

"ಹಾಗೆ ಹೇಳು ಮತ್ತೆ."

ಅಷ್ಟರಲ್ಲಿ ಕೆಳಗಿನ ಸೈಕಲ್ ರಿಪೇರಿಯವನು ಒಂದು ಕಟ್ಟು ಎತ್ತಿಕೊಂಡು ಏದುಸಿರು ಬಿಡುತ್ತ ಬಂದ. ನಮ್ಮ ಎರಡು ಕೋಣೆ ಇರುವುದು ಅವನ ಅಂಗಡಿಯ ಮೇಲೆ. "ಚಿಕ್ಕಮ್ಮಾ, ಪ್ರೆಸ್ಸಿನಿಂದ ಬಂದಿದೆ. ನಿಮ್ಮ ಮೆಟ್ಟಿಲು ಹತ್ತಿ ನನ್ನ ಜೀವ ಹೋಯ್ತು."

"ಹೋಗಿಲ್ಲ. ಮಾತಾಡ್ತಾ ಇದ್ದೀಯಲ್ಲ" ಅಂದಳು ಅಕ್ಕ.

"ಕೇಳಿದ್ರಾ? ದೊಡ್ಡಮ್ಮ ಇರೋವರೆಗೂ ನೆಮ್ಮದಿಯಾಗಿ ಸಾಯೋಕೂ ಬಿಡಲ್ಲ" ಅಂತ ಅವನು ನಕ್ಕ. ನಾನೂ ನಕ್ಕೆ. ಅಕ್ಕ ನಮ್ಮಿಬ್ಬರ ಮುಖ ನೋಡಿ, ನಗಬೇಕಾದ ಹೊತ್ತು ಇದು ಅಂತ ತಿಳಿದು, ತಡವಾಗಿ ನಕ್ಕಳು.

ಹಿಂದಿನ ವರ್ಷ ಅಕ್ಕನಿಗೆ ಸ್ಟ್ರೋಕ್ ಆಗಿ ಮಿದುಳಿಗೆ ಹೊಡೆತ ಬಿತ್ತು. ಆಸ್ಪತ್ರೆಯಿಂದ ಬಂದಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಅಷ್ಟೇ. ಮಾತು ಸರಿಯಾಗಿತ್ತು, ಓದು ಸರಿಯಾಗಿತ್ತು, ಸೊಟ್ಟ ಅಕ್ಷರ ಕಂಡರೆ ಮೊದಲಿನಷ್ಟೇ ಸಿಡುಕು. ಇಷ್ಟಕ್ಕೇ ಬಿಟ್ಟಿತಲ್ಲ ಅಂತ ಡಾಕ್ಟರೂ ಅಂದರು, ನಾನೂ ಅಂದುಕೊಂಡೆ. ಹೋದದ್ದು ಏನು ಅಂತ ತಿಳಿಯಲು ಸಮಯ ಹಿಡಿಯಿತು. ಒಂದು ವಸ್ತುವಿನಲ್ಲಿ ಇನ್ನೊಂದನ್ನು ಕಾಣುವ ಶಕ್ತಿ ಹೋಗಿತ್ತು. ಕಲ್ಲು ಕಲ್ಲೇ, ನೀರು ನೀರೇ. ಚಿಕ್ಕಂದಿನಿಂದ ನನ್ನನ್ನು "ಗುಬ್ಬಿ" ಅಂತ ಕರೆಯುತ್ತಿದ್ದವಳು ಅದನ್ನೂ ನಿಲ್ಲಿಸಿದಳು. ಯಾಕೆ ಅಂತ ಕೇಳಿದರೆ, "ನೀನು ಮನುಷ್ಯಳು" ಅಂದಳು. ಅದರಲ್ಲಿ ವಾದ ಮಾಡುವುದೇನಿದೆ?

ಆಗ ತಿಳಿಯಿತು, ನಾವು ಬಾಯಿ ಬಿಟ್ಟರೆ ಆಡುವುದೆಲ್ಲ ಇಂಥ ಮಾತೇ. ತಲೆ ತಿನ್ನಬೇಡ, ಹೊಟ್ಟೆ ಉರಿಸಬೇಡ, ಕಾಲು ಎಳೆಯಬೇಡ. ಒಂದನ್ನಾಡಿದರೆ ಅಕ್ಕ ಕೆಲಸ ಬಿಟ್ಟು ನಿಂತು ಯೋಚಿಸುತ್ತಾಳೆ, ಗಾಬರಿಯಾಗುತ್ತಾಳೆ. ಹಾಗಾಗಿ ಮಾತನ್ನು ಬೇಳೆಯಂತೆ ಆರಿಸಿ, ಕಲ್ಲು ತೆಗೆದು, ಬರೀ ಬೇಕಾದಷ್ಟನ್ನು ಅವಳ ಮುಂದಿಡುವುದನ್ನು ಕಲಿತೆ. ಮನೆ ನಡೆಯುತ್ತಿತ್ತು. ಟೀ ಆಯ್ತು. ಬಾಗಿಲು ಹಾಕು. ಮಾತ್ರೆ ತಗೋ.

ಇವಳು ಕವಿತೆ ಬರೆಯುತ್ತಿದ್ದವಳು ಅಂತ ಯಾರಿಗೆ ಹೇಳಲಿ?

ಪ್ರೆಸ್ಸಿನಲ್ಲಿ ಅಕ್ಕನದು ಪ್ರೂಫ್ ನೋಡುವ ಕೆಲಸ. ಹಗಲೆಲ್ಲ ಬೇರೆಯವರ ತಪ್ಪು ತಿದ್ದಿ, ಬಿಡುವಿನಲ್ಲಿ ತನ್ನ ಸಾಲು ಬರೆಯುತ್ತಿದ್ದಳು. ಪತ್ರಿಕೆಗಳಲ್ಲಿ ಆಗೊಂದು ಈಗೊಂದು ಬರುತ್ತಿತ್ತು. ಪುಸ್ತಕ ಮಾತ್ರ ಆಗಲಿಲ್ಲ. ಹೊಡೆತ ಬೀಳುವ ಮುಂಚೆಯೇ ಪ್ರೆಸ್ಸಿನ ಯಜಮಾನರು, ಅಕ್ಕನ ಕೈಕೆಳಗೇ ಅಚ್ಚುಮೊಳೆ ಜೋಡಿಸುವುದನ್ನು ಕಲಿತವರು, "ನಿಮ್ಮ ಕವಿತೆ ನಾನು ಹಾಕ್ತೀನಿ ಅಕ್ಕಾವ್ರೆ, ಒಂದು ಒಪ್ಪಿಗೆ ಕಾಗದ ಬರೆದು ಕಳಿಸಿ ಸಾಕು" ಅಂದಿದ್ದರು. ಕೈಬರಹದ ಪ್ರತಿ ಕೊಟ್ಟವಳು ಕಾಗದ ಬರೆಯಲಿಲ್ಲ. ಇನ್ನೊಂದು ಸಾಲು ಸರಿಯಾಗಲಿ, ಇನ್ನೊಂದು ಪದ ಕೂರಲಿ ಅನ್ನುತ್ತ ದಿನ ದೂಡಿದಳು. ಆಮೇಲೆ ಹೊಡೆತ ಬಿತ್ತು. ಇವತ್ತು ಗುಣವಾದಾಳು, ನಾಳೆ ಗುಣವಾದಾಳು ಅಂತ ನಾನು ದೂಡಿದೆ. ಆ ಕಾಗದ ಇಬ್ಬರ ಕೈಯಲ್ಲೂ ಹಾಗೇ ಉಳಿಯಿತು.

ನನಗೆ ಓದು ಬಂದದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಉಪಮೆ, ರೂಪಕ ಅಂತ ಮೇಷ್ಟ್ರು ಹಲಗೆಯ ಮೇಲೆ ಬರೆದದ್ದು ತಲೆಗೆ ಹತ್ತದೆ, ಮಾರನೆ ದಿನ ಹೀಗೇ ಹಾಸು ಮಡಿಸುವಾಗ ಅಕ್ಕನನ್ನು ಕೇಳಿದ್ದೆ.

"'ಹಾಗೆ' ಅನ್ನೋದು ಒಂದು ಸೇತುವೆ ಕಣೇ ಗುಬ್ಬಿ" ಅಂದಿದ್ದಳು. "ಇಲ್ಲಿಂದ ಅಲ್ಲಿಗೆ ನಡ್ಕೊಂಡು ಹೋಗ್ತೀಯ. ರೂಪಕದಲ್ಲಿ ಸೇತುವೆ ಕಿತ್ತುಹಾಕಿರ್ತಾರೆ. ಹಾರಬೇಕು."

"ಹಾರಿ ಬಿದ್ರೆ?"

"ಬಿದ್ರೆ ಕವಿತೆ ಕೆಟ್ಟದು ಅಂತ. ನಿನ್ನ ಕಾಲಿಂದೇನೂ ತಪ್ಪಿಲ್ಲ."

ನಾನು ಯಾರ ಸಹಾಯವೂ ಇಲ್ಲದೆ ಮೊದಲಿಂದ ಕೊನೆವರೆಗೆ ಓದಿದ ಮೊದಲ ಬರಹ ಅಕ್ಕನ ಕವಿತೆಯೇ. ಅದರ ಹೆಸರು 'ತಂಗಿ'.

ಗಾಳಿ ಬೀಸುವ ಬೀದಿಯಲ್ಲಿ
ಅಂಗೈ ಮರೆಯಲ್ಲಿ ಹಿಡಿದು ನಡೆದ
ದೀಪ ನನ್ನ ತಂಗಿ.
ದಾರಿ ಕಂಡದ್ದು ನನಗೆ,
ಸುಟ್ಟದ್ದು ಅವಳಿಗೆ.

ಅಕ್ಕ ಓದಲಿ ಅಂತ ನಾನು ಚಿಕ್ಕವಳಿರುವಾಗಲೇ ಲಾಂಡ್ರಿಗೆ ಸೇರಿದವಳು. ಅದನ್ನು ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿರಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಈ ಐದು ಸಾಲಿನಲ್ಲಿ ಅಕ್ಕ ಆಡಿ ಮುಗಿಸಿದ್ದಳು. ಅದು ನನ್ನ ಆಸ್ತಿ. ಹತ್ತು ಜನ ಓದುವ ಪುಸ್ತಕದಲ್ಲಿ ಅದು ಇರಬೇಕು, ಅಕ್ಕನ ಹೆಸರಿನ ಜೊತೆ ಉಳಿಯಬೇಕು. ನನಗೆ ಇದ್ದ ಆಸೆ ಅದೊಂದೇ.

ಸೈಕಲ್‌ನವನು ತಂದ ಕಟ್ಟು ಬಿಚ್ಚಿದರೆ ಇಡೀ ಪುಸ್ತಕದ ಪ್ರೂಫ್. ಕಾಗದಕ್ಕೆ ಕಾಯದೆ ಯಜಮಾನರು ಮೊಳೆ ಜೋಡಿಸಿಬಿಟ್ಟಿದ್ದರು. ಮೇಲೊಂದು ಚೀಟಿ: ಪ್ರೆಸ್ಸು ಮಾರುತ್ತಿದ್ದೇನೆ, ಹೊಸಬರು ಹಳೆಯ ಯಂತ್ರವನ್ನೆಲ್ಲ ತೆಗೆಸುತ್ತಾರೆ, ಅದಕ್ಕೆ ಮೊದಲು ಇದೊಂದು ಅಚ್ಚಾಗಲಿ, ತಿದ್ದಿ ಕಳಿಸಿ, ಒಪ್ಪಿಗೆ ಕಾಗದವನ್ನು ಮರೆಯಬೇಡಿ.

ಪ್ರೂಫ್ ಕಂಡದ್ದೇ ಅಕ್ಕನ ಮುಖ ಅರಳಿತು. ಕನ್ನಡಕ ಒರೆಸಿ, ಕಿಟಕಿ ಪಕ್ಕದ ಮೇಜಿಗೆ ಕೂತು, ಕೆಂಪು ಶಾಯಿಯ ಪೆನ್ನು ತೆಗೆದಳು. ಒಂದು ವರ್ಷದಿಂದ ನಾನು ನೋಡಿರದ ಅಕ್ಕ. ಬೆನ್ನು ನೆಟ್ಟಗೆ, ಎಡಗೈ ಸಾಲಿನ ಕೆಳಗೆ, ತುಟಿ ಅಲುಗದ ಓದು. ನನ್ನ ಎದೆಯ ಭಾರ ಅರ್ಧ ಇಳಿಯಿತು. ತನ್ನ ಸಾಲುಗಳೇ ಇವಳನ್ನು ವಾಪಸು ಕರೆತರುತ್ತವೆ ಅಂದುಕೊಂಡೆ. ಸದ್ದು ಮಾಡದೆ ಇಸ್ತ್ರಿ ತೀಡುತ್ತ ನಿಂತೆ. ದಿನಗಟ್ಟಲೆ ಹಾಗೇ ಕೂತು ತಿದ್ದಿದಳು. ನಾನು ಇಣುಕಲಿಲ್ಲ.

ಮುಗಿಯಿತು ಅಂತ ಅವಳೇ ತಂದುಕೊಟ್ಟಾಗ ನೋಡಿದೆ. ಹಾಳೆಯ ಅಂಚೆಲ್ಲ ಕೆಂಪು.

'ಅಮ್ಮನ ಬೆನ್ನು ಮುಚ್ಚಿದ ಬಾಗಿಲು' ಎಂಬ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು: "ಬೆನ್ನು ಬಾಗಿಲಲ್ಲ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಾಗ ನಮ್ಮ ಕಡೆ ತಿರುಗುತ್ತಿರಲಿಲ್ಲ." 'ತಟ್ಟಿ ತಟ್ಟಿ ನಮ್ಮ ಬಾಲ್ಯ ಹೊರಗೇ ನಿದ್ದೆ ಹೋಯಿತು' ಎಂಬುದರ ಪಕ್ಕ: "ತಪ್ಪು. ನಾವು ಒಳಗೇ ಮಲಗುತ್ತಿದ್ದೆವು. ಚಾಪೆ ಇತ್ತು." ಪುಟದಿಂದ ಪುಟಕ್ಕೆ ಹೀಗೇ. ಹಾರುವ ಮನೆಗಳು ನೆಲಕ್ಕೆ ಇಳಿದಿದ್ದವು. ಅಳುವ ನಲ್ಲಿಗೆ ರಿಪೇರಿ ಬೇಕೆಂದು ಸೂಚನೆ ಇತ್ತು. 'ತಂಗಿ' ಇದ್ದ ಪುಟ ತೆಗೆಯಲು ಕೈ ಬರಲಿಲ್ಲ. ತೆಗೆದೆ. ಮೂರನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದಿತ್ತು.

"ದೀಪ ಅಲ್ಲ. ತಂಗಿ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು."

"ಏನಕ್ಕ ಇದು?"

"ನೋಡಿದ್ಯಾ? ಎಷ್ಟು ತಪ್ಪು! ಯಾರು ಬರೆದಿದ್ದು ಅಂತ ನೋಡಿದ್ರೆ ನನ್ನ ಹೆಸರೇ ಇದೆ. ನಾನು ಇಷ್ಟು ಅಜಾಗರೂಕಳಾಗಿದ್ನಾ?"

"ತಪ್ಪಲ್ಲ ಅಕ್ಕ, ಕವಿತೆ. ನೀನೇ ಹೇಳ್ಕೊಟ್ಟಿದ್ದೆ. ಸೇತುವೆ ಇಲ್ಲ, ಹಾರಬೇಕು ಅಂತ."

"ಯಾವ ಸೇತುವೆ?" ಅಂತ ಕಿಟಕಿಯಾಚೆ ನೋಡಿದಳು.

ನಾನು ಸುಲಭಕ್ಕೆ ಕೈಚೆಲ್ಲುವವಳಲ್ಲ. ಇಷ್ಟು ವಯಸ್ಸಾದ ಮೇಲೆ ಅಕ್ಷರ ಕಲಿತವಳು ನಾನು. ಅಕ್ಕನಿಗೆ ಇದನ್ನು ಮತ್ತೆ ಕಲಿಸಲಾರೆನೆ ಅಂತ ಹಟ ಹಿಡಿದೆ. ಅಡಿಪಾಯದಿಂದ ಶುರು ಮಾಡಿದೆ. ಒದ್ದೆ ಟವೆಲನ್ನು ಅವಳ ಕೈಯಲ್ಲಿಟ್ಟೆ.

"ಇದು ಹೇಗಿದೆ?"

"ಒದ್ದೆ."

"ಸರಿ. ಮುಟ್ಟಿದ್ರೆ ಬೇರೆ ಏನು ನೆನಪಾಗುತ್ತೆ?"

"ಇನ್ನೊಂದು ಟವೆಲ್. ಅದೂ ಒದ್ದೆ ಇದೆ, ಒಣಗಿಸಿಲ್ಲ ನೀನು."

ನಗು ಬಂತು. ನಕ್ಕು, ಹೊರಗೆ ಹೋಗಿ ಆ ಟವೆಲನ್ನೂ ಒಣಗಿಸಿ ಬಂದೆ. ಮಾರನೆ ದಿನ ಇಸ್ತ್ರಿಪೆಟ್ಟಿಗೆ ಹಿಡಿದು ತೋರಿಸಿದೆ. "ನೋಡು, ಇದು ಹಡಗಿನ ಹಾಗೆ. ಈ ಹಾಸು ಸಮುದ್ರದ ಹಾಗೆ. ಹಡಗು ಹೋದ ಕಡೆ ಅಲೆ ಅಡಗುತ್ತೆ." ಅಕ್ಕ ಗಮನವಿಟ್ಟು ಕೇಳಿದಳು. ದಿನವೂ ಹೇಳಿದೆ. ಒಂದು ಬೆಳಿಗ್ಗೆ ನಾನು ಇಸ್ತ್ರಿ ಕಾಯಲಿಕ್ಕೆ ಇಡುತ್ತಿದ್ದಂತೆ ಅವಳೇ ಬಂದು ಪಕ್ಕದಲ್ಲಿ ನಿಂತಳು.

"ಇಸ್ತ್ರಿಪೆಟ್ಟಿಗೆ ಹಡಗಿನ ಹಾಗೆ. ಹಾಸು ಸಮುದ್ರದ ಹಾಗೆ" ಅಂದಳು.

ನಾನು ಥಟ್ಟನೆ ಅವಳ ಕಡೆ ತಿರುಗಿದೆ. "ಅಕ್ಕಾ! ಕಾಣ್ತಾ ನಿನಗೆ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ಬಗ್ಗಿ ಪಕ್ಕದಿಂದಲೂ ನೋಡಿದಳು.

"ಇಲ್ಲ. ಕಾಣಲ್ಲ ಅಂದ ದಿನ ನೀನು ಸರಿಯಾಗಿ ಊಟ ಮಾಡಲ್ಲ. ಅದಕ್ಕೆ ಬಾಯಿಪಾಠ ಮಾಡಿದೆ. ಸರಿಯಾಗಿ ಹೇಳಿದ್ನಾ?"

"ಸರಿಯಾಗಿ ಹೇಳಿದೆ."

"ಹಾಗಾದ್ರೆ ಊಟ ಮಾಡು."

ಪಾಠ ಅವತ್ತಿಗೇ ಮುಗಿಯಿತು.

ಕಾಗದ ಬರಲಿಲ್ಲವೆಂದು ಯಜಮಾನರೇ ಬಂದರು. ದಪ್ಪ ಮನುಷ್ಯ, ಉಗುರಿನ ಸಂದಿನ ಮಸಿ ಹೋಗಿದ್ದನ್ನು ನಾನು ಕಂಡೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು ಪ್ರೂಫ್ ತಿರುವುತ್ತ ಹೋದರು. ಅವರ ಕೈ ನಿಧಾನವಾಯಿತು.

"ಅಕ್ಕಾವ್ರೆ, ನನ್ನ ಮೊಳೆ ಜೋಡಣೆಯಲ್ಲಿ ಒಂದೂ ತಪ್ಪು ಸಿಗಲಿಲ್ವಾ?"

"ಎರಡು ಕಡೆ ಅಕ್ಷರ ತಲೆಕೆಳಗಾಗಿತ್ತು. ಗುರುತು ಹಾಕಿದ್ದೀನಿ. ಮಿಕ್ಕಿದ್ದೆಲ್ಲ ಬರೆದವಳ ತಪ್ಪು."

"ಬರೆದವಳು ನೀವೇ ಅಲ್ವಾ?"

"ಹೌದು. ಅದಕ್ಕೇ ನಾಚಿಕೆ."

ಅಕ್ಕ ಟೀ ಮಾಡಲು ಒಳಗೆ ಹೋದಳು. ಯಜಮಾನರು ದನಿ ತಗ್ಗಿಸಿದರು. "ಈಗಿನವರು ಹೀಗೇ ಒಣಒಣ ಬರೀತಾರೆ. ಅಂಚಿನಲ್ಲಿ ಇರೋದನ್ನೇ ಅಚ್ಚು ಹಾಕೋಣ ಅಂದ್ರೆ ಯಾರೂ ಬೇಡ ಅನ್ನಲ್ಲ. ನೋಡಿ, ಇದರಲ್ಲೂ ಏನೋ ಇದೆ."

ನಾನೂ ಅದನ್ನು ಯೋಚಿಸಿದ್ದೆ. ಅಂಚಿನ ಕೆಂಪನ್ನೆಲ್ಲ ಕೂತು ಓದಿದ್ದೆ, ಏನಾದರೂ ಮಿನುಗುತ್ತದೆಯೇ ಅಂತ. ಮಿನುಗಲಿಲ್ಲ. ಚಾಪೆ ಇತ್ತು ಅಂದರೆ ಚಾಪೆ ಇತ್ತು, ಅಷ್ಟೇ. ಇಲ್ಲದ್ದನ್ನು ಇದೆ ಅನ್ನಲು ಮನಸ್ಸು ಒಪ್ಪಲಿಲ್ಲ.

"ಬೇಡ" ಅಂದೆ. "ಮೊದಲು ಹೇಗಿತ್ತೋ ಹಾಗೆ ಹಾಕಿ."

"ಹಾಗಾದ್ರೆ ನೀವೇ ಎರಡು ಸಾಲು ಬರೆದು ಕೊಡಿ. ಬರವಣಿಗೆಯಲ್ಲಿ ಇಲ್ಲದೆ ಒಂದು ಅಕ್ಷರವೂ ಅಚ್ಚು ಮಾಡಬಾರದು ಅಂತ ನನಗೆ ಕಲಿಸಿದ್ದೇ ಅಕ್ಕಾವ್ರು. ಯಂತ್ರ ಒಯ್ಯೋಕೆ ಮುಂದಿನ ವಾರ ಬರ್ತಾರೆ. ತಡ ಮಾಡ್ಬೇಡಿ ತಾಯಿ."

ಬಾಗಿಲ ಹತ್ತಿರ ನಿಂತು, ಟೀ ಲೋಟ ಹಿಡಿದು ಬಂದ ಅಕ್ಕನಿಗೆ ಅವರು ಅಂದರು, "ನಿಮ್ಮ ಕೈಯಲ್ಲಿ ತಿದ್ದಿಸಿಕೊಂಡಿದ್ದಕ್ಕೇ ನಾನು ಮನುಷ್ಯ ಆದೆ ಅಕ್ಕಾವ್ರೆ."

"ಮೊದಲೂ ಮನುಷ್ಯನೇ ಆಗಿದ್ದೆ" ಅಂದಳು ಅಕ್ಕ. ಅವರು ಟೀ ಕುಡಿಯದೆ ಹೋದರು.

ಆವತ್ತೇ ಬರೆಯಲು ಕೂತೆ. 'ಕವಿತೆಗಳನ್ನು ತಿದ್ದುಪಡಿ ಇಲ್ಲದೆ, ಮೂಲದಲ್ಲಿ ಇದ್ದಂತೆಯೇ ಅಚ್ಚು ಹಾಕಲು ಒಪ್ಪಿಗೆ ಇದೆ.' ಇಷ್ಟೇ. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಅಕ್ಕ ಹೆಗಲ ಹಿಂದೆ ನಿಂತಿದ್ದಳು. ಬರೆದ ಹಾಳೆ ಕಂಡರೆ ಓದದೆ ಇರಲಾರಳು.

"ತಪ್ಪಿರೋದನ್ನ ಹಾಗೇ ಹಾಕಿ ಅಂತ ಬರೆದಿದ್ದೀಯಾ?"

"ಅದು ತಪ್ಪಲ್ಲ ಅಕ್ಕ. ನೀನು ಆರೋಗ್ಯವಾಗಿದ್ದಾಗ ಬರೆದಿದ್ದು."

"ಕೆಳಗೆ ನನ್ನ ಹೆಸರಿರುತ್ತೆ. ಓದಿದವರು ಏನಂತಾರೆ? ಬೇರೆಯವರ ತಪ್ಪು ತಿದ್ದಿ ಸಂಬಳ ತಗೊಂಡ ಹೆಂಗಸು, ತಾನು ಮಾತ್ರ ಇಲ್ಲದ್ದನ್ನೇ ಬರೆದಳು ಅಂತಾರೆ." ಕುರ್ಚಿ ಎಳೆದು ನನ್ನ ಎದುರು ಕೂತಳು. ಪ್ರೂಫಿನ ಕಟ್ಟಿನಿಂದ ಒಂದು ಹಾಳೆ ಹುಡುಕಿ ಮುಂದಿಟ್ಟಳು. 'ತಂಗಿ.' "ಇದನ್ನ ಹೇಳು. ನಿನ್ನನ್ನ ದೀಪ ಅಂತ ಯಾಕೆ ಬರೆದೆ ನಾನು?"

ಹೇಳಿದೆ. ಇಷ್ಟು ವರ್ಷ ಇಬ್ಬರೂ ಆಡದೆ ಇದ್ದದ್ದನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ನೀನು ಓದಿದೆ, ನಾನು ಲಾಂಡ್ರಿಗೆ ಹೋದೆ. ಬಿಸಿ ರೋಲರಿಗೆ ನನ್ನ ಎಡಗೈ ಸಿಕ್ಕಿತು. ನೀನು ಮುಲಾಮು ಹಚ್ಚಿದೆ. ನಿನಗೆ ಅದು ಮನಸ್ಸಿನಲ್ಲಿ ಉಳಿದಿತ್ತು.

ಅಕ್ಕ ನನ್ನ ಎಡಗೈಯನ್ನು ಎಳೆದುಕೊಂಡು ತೋಳು ಮೇಲೆ ಸರಿಸಿದಳು. ಸುಟ್ಟ ಕಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಇದೆ.

"ಇದು ನಿಜ" ಅಂದಳು. "ಮುಲಾಮು ಹಚ್ಚಿದ್ದೂ ನಿಜ. ನೀನು ಅಳಲಿಲ್ಲ, ಅದೂ ನಿಜ. ಇದನ್ನೆಲ್ಲ ಬರೆಯದೆ ದೀಪ ಅಂತ ಬರೆದುಬಿಟ್ನಾ? ನಿನ್ನ ಕೈ ಸುಟ್ಟಿದ್ದನ್ನ ಮುಚ್ಚಿಟ್ನಾ?"

"ಮುಚ್ಚಿಟ್ಟಿಲ್ಲ ಅಕ್ಕ. ತೋರಿಸಿದ್ದೆ."

"ದೀಪಕ್ಕೆ ನೋವಾಗಲ್ಲ. ನಿನಗೆ ಆಗಿತ್ತು." ಹಾಳೆಯನ್ನು ದೂರ ಸರಿಸಿದಳು. "ನಾನು ಒಳ್ಳೆಯವಳಾಗಿರಲಿಲ್ಲ ಅನ್ಸುತ್ತೆ. ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಹೇಳಿದ್ದೀನಿ. ನಿನಗೂ."

ಅಳತೊಡಗಿದಳು. ಹೊಡೆತ ಬಿದ್ದ ಮೇಲೆ ಒಮ್ಮೆಯೂ ಅತ್ತವಳಲ್ಲ. ಕಣ್ಣು ಒರೆಸಿಕೊಳ್ಳಬೇಕೆಂಬುದೂ ತೋಚದೆ, ಕೈ ನನ್ನ ಕಲೆಯ ಮೇಲೆ ಇಟ್ಟುಕೊಂಡೇ ಅತ್ತಳು. ಸಮಾಧಾನ ಹೇಳಲು ಬಾಯಿ ತೆರೆದೆ. ಮನಸ್ಸು ಗಟ್ಟಿ ಮಾಡ್ಕೋ ಅನ್ನಬೇಕು, ಎದೆ ಒಡ್ಕೋಬೇಡ ಅನ್ನಬೇಕು. ಮನಸ್ಸನ್ನು ಹೇಗೆ ಗಟ್ಟಿ ಮಾಡುವುದು, ಎದೆ ಎಲ್ಲಿ ಒಡೆದಿದೆ ಅಂತ ಕೇಳಿಯಾಳು. ನಮ್ಮ ಮಾತಿನಲ್ಲಿ ದುಃಖಕ್ಕೆ ಹಚ್ಚುವ ಮದ್ದೆಲ್ಲ ಅವಳಿಗೆ ಆಗದ ಪದಾರ್ಥದಿಂದಲೇ ಮಾಡಿದ್ದು.

"ಅಳಬೇಡ" ಅಂದೆ. ಅದೊಂದೇ ಉಳಿದಿತ್ತು.

"ನಿಲ್ಲಿಸೋಕೆ ಆಗ್ತಿಲ್ಲ" ಅಂದಳು.

ಆಮೇಲೆ ಅವಳನ್ನು ಮಲಗಿಸಿ, ಮೇಜಿನ ಮುಂದೆ ಒಬ್ಬಳೇ ಕೂತೆ. ಪುಸ್ತಕ ಬಂದರೆ ಒಂದು ಪ್ರತಿ ಈ ಮನೆಗೂ ಬರುತ್ತದೆ. ಬಚ್ಚಿಟ್ಟರೂ ಸೈಕಲ್‌ನವನು ಹೇಳುತ್ತಾನೆ, ಹಳೆಯ ಪರಿಚಯದವರು ಮೆಚ್ಚಿ ಬಂದು ಹೊಗಳುತ್ತಾರೆ. ಒಂದೊಂದು ಹೊಗಳಿಕೆಯೂ ಅವಳಿಗೆ ಹೊಸ ಅವಮಾನ. ಇವಳು ತಿದ್ದಿದ್ದನ್ನು ಹಾಕಿಸಿದರೆ, ಮೊದಲಿನವಳ ಬಾಯಿಗೆ ನಾನೇ ಮಣ್ಣು ಹಾಕಿದಂತೆ. ಇಬ್ಬರೂ ನನ್ನ ಅಕ್ಕಂದಿರು. ಇಬ್ಬರಲ್ಲಿ ನೋವಾಗುವುದು ಬದುಕಿರುವವಳಿಗೆ.

ಹೊಸ ಹಾಳೆ ತೆಗೆದುಕೊಂಡೆ.

'ಯಜಮಾನರಿಗೆ ನಮಸ್ಕಾರ. ಅಕ್ಕನ ಪುಸ್ತಕ ಅಚ್ಚು ಹಾಕುವುದು ಬೇಡ. ಜೋಡಿಸಿದ ಮೊಳೆಗಳನ್ನು ಬಿಚ್ಚಿಬಿಡಿ. ಕೈಬರಹದ ಪ್ರತಿಯನ್ನು ಇಲ್ಲಿಗೆ ಕಳಿಸಬೇಡಿ. ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮಿಸಿ.'

ಬೆಳಿಗ್ಗೆ ಅಕ್ಕನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು.

"ಕೈಬರಹದ್ದು ಯಾಕೆ ಬೇಡ?"

"ಇಲ್ಲಿ ಜಾಗ ಇಲ್ಲ."

ಕೋಣೆಯ ಸುತ್ತ ನೋಡಿದಳು. ಹಾಸಿನ ಗಂಟು, ಇಸ್ತ್ರಿ ಮೇಜು, ಎರಡು ಮಂಚ. "ಹೌದು, ಇಲ್ಲ." ಇನ್ನೊಮ್ಮೆ ಮೊದಲಿಂದ ಓದಿದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದವಳು ಹಾಗೇ ಮುಚ್ಚಿದಳು.

"ಒಂದೂ ತಪ್ಪಿಲ್ಲ. ಚೆನ್ನಾಗಿ ಬರೆದಿದ್ದೀಯ. ಕಳಿಸು."

ರಾತ್ರಿ ಶಾಲೆಗೆ ಹೋದಂದಿನಿಂದ ನನ್ನ ಬರಹವೊಂದು ಅಕ್ಕನ ಕೈಯಿಂದ ಗೆರೆ ಬೀಳದೆ ಹೊರಬಂದದ್ದು ಅದೇ ಮೊದಲು.

ಕೆಳಗಿಳಿದಾಗ ಸೈಕಲ್‌ನವನು ಚಕ್ರವೊಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. "ಏನು ಚಿಕ್ಕಮ್ಮ, ದೊಡ್ಡಮ್ಮನ ಪುಸ್ತಕ ಯಾವಾಗ? ನನಗೂ ಒಂದು ಕೊಡ್ಬೇಕು, ಓದೋಕೆ ಬರ್ದಿದ್ರೂ ಅಂಗಡೀಲಿ ಇಡ್ತೀನಿ."

"ಪುಸ್ತಕ ಬರಲ್ಲ."

ಅವನು ತಲೆಯೆತ್ತಿ ನನ್ನ ಮುಖ ನೋಡಿದ, ಕೈಯಲ್ಲಿದ್ದ ಲಕೋಟೆ ನೋಡಿದ. "ನಾನು ಹಾಕ್ಬರ್ಲಾ ಅದನ್ನ?" ಅಂದ.

"ಬೇಡ. ನಾನೇ ಹೋಗ್ತೀನಿ."

ಅಂಚೆ ಪೆಟ್ಟಿಗೆ ಬೀದಿಯ ತಿರುವಿನಲ್ಲಿದೆ. ಹೊಸದಾಗಿ ಬಣ್ಣ ಬಳಿದಿದ್ದರು, ಬೆರಳಿಗೆ ಅಂಟಿತು. ಲಕೋಟೆಯನ್ನು ಅರ್ಧ ಒಳಗೆ ತೂರಿಸಿ ವಿಳಾಸ ಇನ್ನೊಮ್ಮೆ ಓದಿಕೊಂಡೆ. ಹಿಂದೆ ಯಾರೋ ತಮ್ಮ ಕಾಗದ ಹಿಡಿದು ಕಾಯುತ್ತ ನಿಂತಿದ್ದರು. ಕೈ ಬಿಟ್ಟೆ.